ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ ಮಡಚುವ ಚಾಕು. ಯಾವ ಕಾಲದ್ದು, ಯಾರದ್ದು?

ಡೊಂಬಿವಲಿ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಪರೇಲ್‌ನಲ್ಲಿ ನಮ್ಮ ಅಜ್ಜ ಇದ್ದ ಚಾಳನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಹೋದ ಭಾನುವಾರ ನಾನೂ ಅಮ್ಮನೂ ಹೋಗಿ ಖೋಲಿ ಖಾಲಿ ಮಾಡಿದೆವು. ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇತ್ತು. ಹಳೇ ಪಂಚಾಂಗ, ರೇಷನ್ ಕಾರ್ಡು, ಒಂದು ಕಂಬಳಿ. ಎಲ್ಲದರ ಕೆಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಚಾಕು.

ಮಡಚಿದರೆ ನನ್ನ ಅಂಗೈಯಷ್ಟು ಉದ್ದ. ಕೈಗೆ ಒಳ್ಳೆ ಭಾರ. ಹಿಡಿ ಕಪ್ಪು, ಅದರ ಮೇಲೆಲ್ಲ ಸಣ್ಣ ಸಣ್ಣ ಚೌಕುಳಿ ಗೆರೆ. ಒಂದು ಅಗಲವಾದ ಅಲಗು ಇದೆ, ಆದರೆ ಅದಕ್ಕೆ ಚೂಪು ತುದಿಯೇ ಇಲ್ಲ. ಅದರ ಪಕ್ಕದಲ್ಲಿ ಮೊಂಡು ಕೊಕ್ಕೆಯಂಥದ್ದು ಇನ್ನೊಂದು. ಬೆನ್ನಿನ ಕಡೆಯಿಂದ ದಬ್ಬಣದಂಥ ದಪ್ಪ ಮೊಳೆ ಹೊರಗೆ ಬರುತ್ತದೆ. ಒಂದು ತುದಿಗೆ ತಂತಿಯ ಬಳೆ. ಅಲಗಿಗೂ ಕೊಕ್ಕೆಗೂ ತುಕ್ಕು ಹಿಡಿದಿದೆ, ಮೊಳೆ ಮಾತ್ರ ನುಣ್ಣಗಿದೆ. ಅಲಗಿನ ಬುಡದಲ್ಲಿ ಇಂಗ್ಲಿಷ್ ಅಕ್ಷರಗಳಿವೆ. ನನಗೆ ಓದಲು ಸಿಕ್ಕಿದ್ದು "ಎಕ್ಸ್ ಎಲ್", ಅದರ ಕೆಳಗೆ "ಫೀಲ್ಡ್" ಅಷ್ಟೆ.

ಅಜ್ಜ ಕುಂದಾಪುರದ ಕಡೆಯವರು. 1946ರಲ್ಲಿ ಮುಂಬೈಗೆ ಬಂದರು. ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕೊನೆಯವರೆಗೂ ಗಲ್ಲಾದ ಮೇಲೆ ಕೂತವರು. ಯಾರೋ ಬಿಳಿ ಸಾಹೇಬ ಮೆಚ್ಚಿ ಈ ಚಾಕು ಕೊಟ್ಟ ಅಂತ ನಮ್ಮ ಮಾವ ಹೇಳುತ್ತಾರೆ. ಇದು ಏನು, ಯಾವಾಗಿನದ್ದು, ಆ ಮೊಳೆ ಯಾಕೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ಫೋಟೋ ಹಾಕಿದ್ದೇನೆ.

ಹುಬ್ಬಳ್ಳಿ ಟು ಠಾಣೆ

ರಾಮ್‌ಪುರಿ ಚಾಕು ಇರಬೇಕು ಅಕ್ಕಾ. ಹಳೇ ಮುಂಬೈಯಲ್ಲಿ ಮಡಚುವ ಚಾಕು ಅಂದ್ರೆ ಅದೇ.

ಸಾಣೆಕಲ್ಲು

ಖಂಡಿತ ಅಲ್ಲ. ರಾಮ್‌ಪುರಿ ಉತ್ತರ ಪ್ರದೇಶದ ರಾಮ್‌ಪುರದ್ದು. ಅದರ ಅಲಗು ಉದ್ದ, ತೆಳ್ಳಗೆ, ತುದಿ ಚೂಪು. ಬಿಚ್ಚಿದ ಮೇಲೆ ಲಾಕ್ ಆಗುತ್ತದೆ, ಲಾಕ್ ತೆಗೆಯದೆ ಮಡಚಲು ಬರುವುದಿಲ್ಲ. ಈ ಚಾಕುವಿನಲ್ಲಿ ಲಾಕ್ ಇಲ್ಲ. ಬೆನ್ನಿನೊಳಗೆ ಒಂದು ಗಟ್ಟಿ ಸ್ಪ್ರಿಂಗ್ ಪಟ್ಟಿ ಇದೆ, ಅದು ಒತ್ತಿ ಹಿಡಿಯುವುದರಿಂದ ಅಲಗು ನಿಲ್ಲುತ್ತದೆ. ಜೋರಾಗಿ ಒತ್ತಿದರೆ ಮಡಚಿಕೊಳ್ಳುತ್ತದೆ. ಎರಡೂ ಬೇರೆ ಬೇರೆ ಜಾತಿ.

"ಫೀಲ್ಡ್" ಅಂತಿದ್ದರೆ ಅದು ಶೆಫೀಲ್ಡ್. ಇಂಗ್ಲೆಂಡಿನಲ್ಲಿ ಚಾಕು ಕತ್ತರಿಗೆ ಶೆಫೀಲ್ಡ್, ಜರ್ಮನಿಯಲ್ಲಿ ಜೋಲಿಂಗನ್. ಹೊರದೇಶದ ಹಳೇ ಚಾಕುಗಳಲ್ಲಿ ಬಹಳಷ್ಟು ಈ ಎರಡು ಊರಿನವೇ.

ಮುಲುಂಡ್ ಅತ್ತೆ

ಹಾಗಾದರೆ ರಾಜರ್ಸ್ ಕಂಪನಿದು ಇರಬಹುದಾ? ನಮ್ಮ ತಂದೆ ಯಾವಾಗಲೂ ಹೇಳುತ್ತಿದ್ದರು, ಚಾಕು ಅಂದರೆ ರಾಜರ್ಸ್ ಅಂತ.

ಸಾಣೆಕಲ್ಲು

ನಿಮ್ಮ ತಂದೆ ಹೇಳಿದ್ದು ಸರಿ ಅತ್ತೆ. ಜೋಸೆಫ್ ರಾಜರ್ಸ್ ದೊಡ್ಡ ಹೆಸರು. ಅವರ ಗುರುತು ಒಂದು ನಕ್ಷತ್ರ, ಒಂದು ಶಿಲುಬೆ. ಅದು 1682ರಷ್ಟು ಹಳೆಯದು. ಅದಕ್ಕೇ ಇಲ್ಲಿ ನಕಲಿಗಳೂ ಜಾಸ್ತಿ ಬಂದವು. ಒಂದಕ್ಷರ ಆಚೀಚೆ ಮಾಡಿ ಹೆಸರು ಹೊಡೆದ ಚಾಕುಗಳನ್ನು ಚೋರ್ ಬಜಾರಿನಲ್ಲಿ ನಾನೇ ಎಷ್ಟೋ ನೋಡಿದ್ದೇನೆ. ಆದರೆ ಇವರ ಚಾಕುವಿನಲ್ಲಿ "ಎಕ್ಸ್ ಎಲ್" ಅಂತಿದೆಯಲ್ಲ, ಅದು ರಾಜರ್ಸ್ ಗುರುತಲ್ಲ.

ಹುಬ್ಬಳ್ಳಿ ಟು ಠಾಣೆ

ಎಕ್ಸ್ ಎಲ್ ಅಂದ್ರೆ ದೊಡ್ಡ ಸೈಜು ಅಲ್ವಾ? ಶರ್ಟಿಗೆ ಇರುವ ಹಾಗೆ?

ಸಾಣೆಕಲ್ಲು

ಇಲ್ಲ. ಮುಂದೆ ಒಂದು "ಐ", ಅದಾದ ಮೇಲೆ ಸಣ್ಣ ನಕ್ಷತ್ರ ಇರಬೇಕು. ತುಕ್ಕಿನಲ್ಲಿ ಮುಚ್ಚಿಹೋಗಿದೆ. ಐ, ಎಕ್ಸ್, ಎಲ್. ಜೋರಾಗಿ ಓದಿ ನೋಡಿ: ಐ ಎಕ್ಸೆಲ್. ಎಲ್ಲರಿಗಿಂತ ಮೇಲು ಅನ್ನುವ ಅರ್ಥ. 1787ರಲ್ಲಿ ನೋಂದಾಯಿಸಿದ ಗುರುತು, ಆಮೇಲೆ ಜಾರ್ಜ್ ವೋಸ್ಟನ್‌ಹೋಮ್ ಕಂಪನಿಯ ಕೈಗೆ ಬಂತು. ಅವರೂ ಶೆಫೀಲ್ಡಿನವರೇ. ರಾಜರ್ಸ್‌ಗೆ ನೇರ ಪೈಪೋಟಿ. ಕೊನೆಗೆ 1971ರಲ್ಲಿ ಎರಡೂ ಒಂದಾದವು.

ಅಕ್ಕಾ, ಒಂದು ಕೆಲಸ ಮಾಡಿ. ಅಲಗಿನ ಬುಡಕ್ಕೆ ಹೊಲಿಗೆ ಮಷೀನ್ ಎಣ್ಣೆ ಎರಡು ಹನಿ ಬಿಡಿ. ಎರಡು ದಿನ ಸುಮ್ನೆ ಬಿಡಿ. ಆಮೇಲೆ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ. ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿ, ಬೆರಳಲ್ಲಿ ಮೇಲಿಂದ ಮೇಲೆ ಒರೆಸಿದರೆ ಅಕ್ಷರದ ಗುಳಿಯಲ್ಲಿ ಮಾತ್ರ ಬಿಳಿ ಉಳಿಯುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. ಸ್ಯಾಂಡ್ ಪೇಪರ್ ಮಾತ್ರ ಮುಟ್ಟಿಸಬೇಡಿ, ಕೈ ಮುಗಿದು ಕೇಳುತ್ತೇನೆ.

ಮುಲುಂಡ್ ಅತ್ತೆ

ಹುಣಸೆಹಣ್ಣು ಹಚ್ಚಿ ಅರ್ಧ ಗಂಟೆ ಬಿಟ್ಟರೆ ಫಳಫಳ ಹೊಳೆಯುತ್ತದೆ. ನಮ್ಮ ದೇವರ ದೀಪಗಳೆಲ್ಲ ಹಾಗೇ ತೊಳೆಯುವುದು.

ಸಾಣೆಕಲ್ಲು

ಹಿತ್ತಾಳೆ ದೀಪಕ್ಕೆ ಸರಿ ಅತ್ತೆ. ಇದು ಕಬ್ಬಿಣದ ಜಾತಿ. ಹುಳಿ ತಾಗಿದರೆ ಮೇಲ್ಮೈ ಕಪ್ಪಾಗಿ ತಿಂದುಹೋಗುತ್ತದೆ, ಮಡಚುವ ಸಂದಿಗೆ ಇಳಿದರೆ ತೊಳೆದು ತೆಗೆಯಲೂ ಆಗುವುದಿಲ್ಲ. ಕೊಬ್ಬರಿ ಎಣ್ಣೆಯೂ ಬೇಡ, ಕೆಲವು ತಿಂಗಳಲ್ಲಿ ಅಂಟಾಗುತ್ತದೆ.

ಘಾಟ್ಕೋಪರ್ ರಾವ್

ಸ್ಯಾಂಡ್ ಪೇಪರ್ ಬೇಡ ಅನ್ನುವ ಮಾತಿಗೆ ನನ್ನದೊಂದು ಸಾಕ್ಷಿ. ನಮ್ಮ ಅಪ್ಪನ ಹತ್ತಿರ ದಂತದ ಬಣ್ಣದ ಹಿಡಿ ಇದ್ದ ಪುಟ್ಟ ಪೆನ್ನೈಫ್ ಇತ್ತು. ಪೆನ್ಸಿಲ್ ಕೆತ್ತಲು, ಅಡಿಕೆ ಹೋಳು ಮಾಡಲು, ಪೋಸ್ಟಿನ ಕವರು ಬಿಡಿಸಲು ಎಲ್ಲಕ್ಕೂ ಅದೇ. ಅವರು ತೀರಿಕೊಂಡ ವರ್ಷ, ಬೀದಿಯಲ್ಲಿ ಸೈಕಲ್ ಮೇಲೆ ಸಾಣೆ ಹಿಡಿಯಲು ಬಂದವನ ಕೈಗೆ ನಾನೇ ಕೊಟ್ಟೆ. ಎರಡು ನಿಮಿಷ ಕಿಡಿ ಹಾರಿತು. ವಾಪಸು ಕೊಟ್ಟಾಗ ಅಲಗು ಅರ್ಧ ಸವೆದಿತ್ತು, ಬುಡದಲ್ಲಿದ್ದ ಹೆಸರು ಪೂರ್ತಿ ಹೋಗಿತ್ತು. ಅದು ಯಾವ ಕಂಪನಿದು ಅಂತ ಇನ್ನು ಯಾರಿಗೂ ಹೇಳಲು ಆಗುವುದಿಲ್ಲ. ಇವತ್ತಿಗೂ ಆ ಚಾಕು ತೆಗೆದಾಗ ಹೊಟ್ಟೆ ಉರಿಯುತ್ತದೆ.

ಖಡಕಿ ನಿವೃತ್ತ

ತಂಗಿ, ಫೋಟೋ ಈಗ ನೋಡಿದೆ. ಚೌಕುಳಿ ಕಪ್ಪು ಹಿಡಿ, ತಂತಿ ಬಳೆ, ಡಬ್ಬಿ ಬಿಚ್ಚುವ ಕೊಕ್ಕೆ, ಬೆನ್ನಿಗೆ ಮೊಳೆ. ಇದು ಬ್ರಿಟಿಷ್ ಸೇನೆಯ ಚಾಕು. ಪುಣೆಯಲ್ಲಿ ಮೂವತ್ತು ವರ್ಷ ಮಿಲಿಟರಿ ಸಾಮಾನಿನ ಲೆಕ್ಕ ಬರೆದವನು ನಾನು, ಹಳೇ ಸ್ಟಾಕಿನಲ್ಲಿ ಇಂಥವನ್ನು ಕೈಯಾರೆ ಎಣಿಸಿದ್ದೇನೆ. ಬಳೆಗೆ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಸೀಮೆಸುಣ್ಣ ಉಜ್ಜುವಾಗ ಕಾಗೆ ಕಾಲಿನ ಹಾಗೆ ಮೂರು ಗೆರೆ ಕಾಣುತ್ತದಾ ನೋಡು.

ಹುಬ್ಬಳ್ಳಿ ಟು ಠಾಣೆ

ಸೇನೆದು ಅಂದಮೇಲೆ ಮೊಳೆ ಯಾಕೆ ಅಂತ ಗೊತ್ತಾಯ್ತು. ಕುದುರೆ ಗೊರಸಿಗೆ ಸಿಕ್ಕ ಕಲ್ಲು ತೆಗೆಯಲು! ಎಲ್ಲೋ ಓದಿದ್ದೆ.

ಖಡಕಿ ನಿವೃತ್ತ

ಎಲ್ಲರೂ ಇದನ್ನೇ ಹೇಳುತ್ತಾರೆ, ಆದರೆ ತಪ್ಪು. ಗೊರಸು ಶುಚಿ ಮಾಡಲು ಅಗಲವಾದ, ಮೊಂಡಾದ ಕೊಕ್ಕೆ ಬೇಕು. ಇಷ್ಟು ಚೂಪಾದ ಮೊಳೆ ಹಾಕಿದರೆ ಕುದುರೆಯ ಪಾದವೇ ತೂತಾಗುತ್ತದೆ. ಇದು ಹಗ್ಗದ ಕೆಲಸಕ್ಕೆ. ಗಂಟು ಬಿಗಿದು ಕಲ್ಲಾದಾಗ ಮಧ್ಯೆ ತೂರಿಸಿ ಸಡಿಲಿಸಬಹುದು. ಹಗ್ಗದ ಎಳೆಗಳನ್ನು ಅಗಲಿಸಿ ಒಂದಕ್ಕೊಂದು ಹೆಣೆಯಬಹುದು. ಮೊದಲು ಹಡಗಿನವರ ಉಪಕರಣ. ಸೇನೆಯಲ್ಲೂ ಡೇರೆ, ಲಾರಿ, ಹೇರು ಎಲ್ಲ ಹಗ್ಗದ ಮೇಲೇ ತಾನೆ ನಿಂತಿದ್ದು.

ಅಲಗಿಗೆ ತುದಿ ಇಲ್ಲದಿರುವುದೂ ಅಲ್ಲಿಂದಲೇ ಬಂದದ್ದು. ಹಡಗು ಓಲಾಡುವಾಗ ಆಯ ತಪ್ಪಿದರೂ ಯಾರಿಗೂ ಚುಚ್ಚಬಾರದು. ಇಂಗ್ಲಿಷಿನಲ್ಲಿ ಆ ಆಕಾರಕ್ಕೆ ಕುರಿಪಾದ ಅಂತಲೇ ಹೆಸರು.

ಮಡಗಾಂವ್ ಭಟ್ಟ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ನಮ್ಮ ಮಾವನವರ ಹತ್ತಿರ ಮರದ ಹಿಡಿಯ ಮಡಚುವ ಚಾಕು ಇದೆ. ಅವರು ಇವತ್ತಿಗೂ ಅದನ್ನು ಪೋರ್ಚುಗೀಸ್ ಮಾತಿನಲ್ಲಿ ಕಾನಿವೆತ್ ಅನ್ನುತ್ತಾರೆ. ಮಾನ್‌ಕುರಾದ್ ಮಾವಿಗೆ ಕಸಿ ಕಟ್ಟಲು ಅದೇ ಬೇಕು. ಅಲಗಿನ ಮೇಲೆ ಕಿರೀಟ ಇಟ್ಟ ಒಂದು ಕೈ ಇದೆ. 1961ಕ್ಕೆ ಮೊದಲು ಪೋರ್ಚುಗಲ್‌ನಿಂದ ಬಂದದ್ದು ಅಂತ ಮನೆಯವರೆಲ್ಲರ ನಂಬಿಕೆ.

ಸಾಣೆಕಲ್ಲು

ಭಟ್ಟರೇ, ಕಿರೀಟದ ಕೈ ಇದ್ದರೆ ಅದು ಪೋರ್ಚುಗಲ್‌ದಲ್ಲ. ಫ್ರಾನ್ಸಿನ ಒಪಿನೆಲ್. ಸವಾಯ್ ಗುಡ್ಡಗಾಡಿನಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಶುರು ಮಾಡಿದ ಚಾಕು. ಅಲಗಿನ ಬುಡದಲ್ಲಿ ತಿರುಗಿಸುವ ಲೋಹದ ಉಂಗುರ ಇದೆಯಾ ನೋಡಿ. ಆ ಉಂಗುರದ ಲಾಕ್ 1955ರಲ್ಲಿ ಬಂದದ್ದು. ಅದು ಇದ್ದರೆ ನಿಮ್ಮದು 1955ರ ನಂತರದ್ದು.

ಮಡಗಾಂವ್ ಭಟ್ಟ

ಉಂಗುರ ಇದೆ! ಪೋರ್ಚುಗೀಸರದ್ದಲ್ಲ ಅಂತ ಮಾವನವರಿಗೆ ಹೇಳುವುದು ಹೇಗೋ. ಆದರೂ ಹೇಳುತ್ತೇನೆ, ನಿಜ ತಿಳಿದಿರಲಿ.

ಡೊಂಬಿವಲಿ ಮೊಮ್ಮಗಳು

ಎರಡು ದಿನ ಕಾದು, ಹೇಳಿದ ಹಾಗೇ ಮಾಡಿದೆ. ಸೀಮೆಸುಣ್ಣ ಒರೆಸಿದ ಕೂಡಲೇ ಅಮ್ಮನೂ ನಾನೂ ಕೂಗಿಬಿಟ್ಟೆವು. "ಐ", ಪುಟ್ಟ ನಕ್ಷತ್ರ, "ಎಕ್ಸ್ ಎಲ್". ಕೆಳಗೆ ಶೆಫೀಲ್ಡ್ ಇಂಗ್ಲೆಂಡ್. ಆಚೆ ಬದಿಯಲ್ಲಿ ಕಾಗೆ ಕಾಲು ಸ್ಪಷ್ಟವಾಗಿದೆ, ಅದರಡಿ 1943.

ಖಡಕಿ ಮಾವ, ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಖಡಕಿ ನಿವೃತ್ತ

ಆ ಕಾಗೆ ಕಾಲು ಅಸಲಿಗೆ ಒಂದು ಬಾಣ, ಬ್ರಿಟಿಷ್ ಸರ್ಕಾರದ ಆಸ್ತಿ ಅನ್ನುವ ಗುರುತು. ನೂರಾರು ವರ್ಷದಿಂದ ಬಂದೂಕು, ಅಳತೆಪಟ್ಟಿ, ಗಡಿಯಾರ ಎಲ್ಲದರ ಮೇಲೂ ಹೊಡೆಯುತ್ತಿದ್ದರು. ಇಂಡಿಯಾ ಸರ್ಕಾರದ ಸಾಮಾನಾಗಿದ್ದರೆ ಬಾಣದ ಕೆಳಗೆ "ಐ" ಅಕ್ಷರ ಇರುತ್ತಿತ್ತು. ನಿನ್ನದರಲ್ಲಿ ಬರೀ ಬಾಣ. ಅಂದರೆ ಅಲ್ಲಿಂದಲೇ ಬಂದ ಸೈನಿಕನ ಜೊತೆ ಬಂದದ್ದಿರಬೇಕು.

ವಾಶಿ ವ್ಯಾಪಾರಿ

ಸರ್ಕಾರಿ ಆಸ್ತಿ ಅಂದಮೇಲೆ ಹೋಟೆಲ್ ಕೆಲಸದವರ ಟ್ರಂಕಿಗೆ ಹೇಗೆ ಬಂತು? ಬೇಜಾರಾಗಬೇಡಿ, ಎಲ್ಲಿಂದಲೋ ಎತ್ತಿಕೊಂಡದ್ದೇ ಇರಬೇಕು.

ಘಾಟ್ಕೋಪರ್ ರಾವ್

ಗೊತ್ತಿಲ್ಲದವರ ಅಜ್ಜನ ಮೇಲೆ ಹೀಗೆ ಬಾಯಿಗೆ ಬಂದದ್ದು ಹೇಳಬಾರದು. 1945ರ ಆಗಸ್ಟಿನಲ್ಲಿ ಯುದ್ಧ ಮುಗಿಯಿತು. ಊರಿಗೆ ಹೋಗುವ ಗೋರಾ ಸಿಪಾಯಿಗಳು ನಾಸಿಕ್ ಹತ್ತಿರದ ದೇವಳಾಲಿ ಕ್ಯಾಂಪಿನಲ್ಲಿ ಹಡಗಿಗೆ ಕಾದು ಕೂರುತ್ತಿದ್ದರು. ಹಡಗು ಹತ್ತುತ್ತಿದ್ದದ್ದು ಮುಂಬೈಯಲ್ಲೇ. ಕೊನೆಯ ತುಕಡಿ ಗೇಟ್‌ವೇಯಿಂದ ಹೊರಟದ್ದು 1948ರ ಫೆಬ್ರವರಿ 28. ಅಷ್ಟು ಜನ ಹೋಗುವಾಗ ಬಿಟ್ಟದ್ದು, ಮಾರಿದ್ದು ಎಷ್ಟಿರಬಹುದು ಯೋಚನೆ ಮಾಡಿ.

ಖಡಕಿ ನಿವೃತ್ತ

ಜೊತೆಗೆ, ಉಳಿದ ಮಿಲಿಟರಿ ಸಾಮಾನನ್ನು ಸರ್ಕಾರವೇ ಹರಾಜು ಹಾಕಿತು. ಕಂಬಳಿ, ಬೂಟು, ನೀರಿನ ಬಾಟಲಿ ಎಲ್ಲ ಫುಟ್‌ಪಾತಿಗೆ ಬಂದವು. ಡಿಸ್ಪೋಸಲ್ ಮಾಲು ಅಂತಲೇ ಹೆಸರು. ಪುಣೆಯ ಜುನಾ ಬಜಾರಿನಲ್ಲಿ ಬುಧವಾರ, ಭಾನುವಾರ ಸುತ್ತಾಡಿದರೆ ಈಗಲೂ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಟ್ರಂಕಿನಲ್ಲಿದ್ದ ಕಂಬಳಿಯ ಮೂಲೆಯನ್ನೂ ಒಮ್ಮೆ ನೋಡು ತಂಗಿ.

ವಾಶಿ ವ್ಯಾಪಾರಿ

ಸರಿ, ನನ್ನದು ತಪ್ಪಾಯಿತು. ಮಾತು ವಾಪಸು ತಗೊಂಡೆ ಅಕ್ಕಾ.

ಕುರ್ಲಾ ಕೋರ್ಟು

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮನೆಯಲ್ಲಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಮಾತ್ರ ಆಯುಧಗಳ ಪಟ್ಟಿಗೆ ಬರುತ್ತದೆ. ಹಾಗಂತ ಬ್ಯಾಗಿನಲ್ಲಿ ಹಾಕಿಕೊಂಡು ಲೋಕಲ್ ಹತ್ತಬೇಡಿ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಆಗಾಗ ಆದೇಶ ಬರುತ್ತದೆ, ಆ ದಿನಗಳಲ್ಲಿ ಬೀದಿಯಲ್ಲಿ ಚಾಕು ಹಿಡಿದುಕೊಂಡು ಓಡಾಡುವಂತಿಲ್ಲ. ವಿಮಾನದಲ್ಲಿ ಊರಿಗೆ ಒಯ್ಯುವುದಾದರೆ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ.

ಹುಬ್ಬಳ್ಳಿ ಟು ಠಾಣೆ

ಮಾರಿದರೆ ಎಷ್ಟು ಬರಬಹುದು?

ಸಾಣೆಕಲ್ಲು

ಹೆಚ್ಚೇನೂ ಬರುವುದಿಲ್ಲ. ಯುದ್ಧಕಾಲದಲ್ಲಿ ಶೆಫೀಲ್ಡಿನ ಎಷ್ಟೋ ಕಂಪನಿಗಳು ಇದೇ ಮಾದರಿಯನ್ನು ರಾಶಿಗಟ್ಟಲೆ ಮಾಡಿವೆ. ಅಕ್ಕನ ಮನೆಯಲ್ಲಿ ಇದಕ್ಕೆ ಇರುವ ಬೆಲೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಡೊಂಬಿವಲಿ ಮೊಮ್ಮಗಳು

ಮಾರುವ ಮಾತೇ ಇಲ್ಲ. ಇನ್ನೊಂದು ಕೇಳಬೇಕಿತ್ತು. ಹಿಡಿ ಕೊಂಬಿನದ್ದಾ? ಮೂಗಿನ ಹತ್ತಿರ ಹಿಡಿದರೆ ಹುಳಿ ವಾಸನೆ ಬರುತ್ತದೆ. ನಾನು ಹುಣಸೆಹಣ್ಣು ಹಚ್ಚಿಲ್ಲ, ಸತ್ಯ!

ರೀಲು ಡಬ್ಬಿ

ಆ ವಾಸನೆ ವಿನೆಗರ್ ಹಾಗಿದೆಯಾ? ಹಾಗಿದ್ದರೆ ನನಗೆ ತುಂಬ ಪರಿಚಯದ ವಾಸನೆ. ಪುಣೆಯಲ್ಲಿ ಹಳೇ ಸಿನಿಮಾ ರೀಲು ತೊಳೆದು ಜೋಡಿಸುವ ಕೆಲಸ ನನ್ನದು. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ ಹಳತಾದಾಗ ನಿಧಾನಕ್ಕೆ ಒಡೆದು ವಿನೆಗರಿನ ಆಮ್ಲ ಬಿಡುತ್ತದೆ. ಡಬ್ಬಿ ಬಿಚ್ಚಿದರೆ ಮೂಗಿಗೆ ಹೊಡೆಯುತ್ತದೆ. ನಿಮ್ಮ ಚಾಕುವಿನ ಹಿಡಿ ಅದೇ ಜಾತಿ ಇರಬೇಕು. ಕೊಂಬಾದರೆ ಎಳೆಎಳೆ ಪದರ ಕಾಣುತ್ತದೆ, ಹುಳಿ ವಾಸನೆ ಬರುವುದಿಲ್ಲ. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್, ಅದರಲ್ಲಿ ನಿಜವಾಗಿಯೂ ಕರ್ಪೂರ ಹಾಕುತ್ತಾರೆ. ಅದು ಬೇಗ ಬೆಂಕಿ ಹಿಡಿಯುತ್ತದೆ, ದೇವರ ಕೋಣೆಯ ಹತ್ತಿರ ಇಡಬೇಡಿ.

ಮುಖ್ಯ ಮಾತು: ಈ ಆಮ್ಲದ ಹಬೆಯೇ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಬಟ್ಟೆ ಸುತ್ತಿ, ಟ್ರಂಕು ಮುಚ್ಚಿ ಇಷ್ಟು ವರ್ಷ ಇಟ್ಟದ್ದರಿಂದ ಹಬೆ ಒಳಗೇ ಉಳಿಯಿತು. ಇನ್ನು ಮೇಲೆ ಪ್ಲಾಸ್ಟಿಕ್ ಚೀಲಕ್ಕೆ, ಬಿಗಿ ಡಬ್ಬಿಗೆ ಹಾಕಬೇಡಿ. ಗಾಳಿಯಾಡುವ ಕಡೆ, ಬಿಸಿಲು ಬೀಳದ ಹಾಗೆ ಇಡಿ.

ಘಾಟ್ಕೋಪರ್ ರಾವ್

ರೀಲು ಡಬ್ಬಿಯವರೇ, ಹಳೇ ಕನ್ನಡ ಸಿನಿಮಾ ರೀಲುಗಳೂ ನಿಮ್ಮ ಕೈಗೆ ಬರುತ್ತವಾ?

ರೀಲು ಡಬ್ಬಿ

ಬರುತ್ತವೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ರಾಯರೇ, ಎಷ್ಟು ಬೇಕಾದರೂ ಹೇಳುತ್ತೇನೆ.

ಸಾಣೆಕಲ್ಲು

ಅಕ್ಕಾ, ಹೊಸ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಒಂದು ವಿಷಯ ನಿನ್ನೆಯಿಂದ ತಲೆ ತಿನ್ನುತ್ತಿದೆ. ಅಲಗನ್ನು ಯಾರೂ ಮಸೆದೇ ಇಲ್ಲ. ಮಸೆದಿದ್ದರೆ ಅಗಲ ಕಡಿಮೆಯಾಗಿ, ಮಡಚಿದಾಗ ಹಿಡಿಯೊಳಗೆ ಮುಳುಗಿಹೋಗುತ್ತಿತ್ತು. ಕೊಕ್ಕೆಯ ಬಾಯಿಯೂ ಹೊಸದರ ಹಾಗೇ ಇದೆ. ಆದರೆ ಮೊಳೆ ನೋಡಿ. ತುದಿಯಿಂದ ಒಂದು ಇಂಚು ಸವೆದು ನುಣುಪಾಗಿದೆ, ಸುತ್ತಲೂ ಒಂದೇ ಸಮ. ಅದನ್ನು ಬಿಚ್ಚಲು ಉಗುರು ಸಿಕ್ಕಿಸುವ ಗೀರು ಕೂಡ ಹೆಚ್ಚುಕಮ್ಮಿ ಮಾಯ.

ಹೋಟೆಲಿನವರು ಚಾಕು ಬಳಸಿದರೆ ಅಲಗು ಸವೆಯಬೇಕಿತ್ತು. ಇವರು ಬಳಸಿದ್ದು ದಬ್ಬಣವನ್ನು. ಅದೂ ಸಾವಿರಾರು ಸಲ.

ವಾಶಿ ವ್ಯಾಪಾರಿ

ಹಾಗಾದರೆ ಗೋಣಿಚೀಲ. ಇದನ್ನು ನಾನು ಅನುಭವದಿಂದ ಹೇಳುತ್ತೇನೆ. ನಮ್ಮ ಅಂಗಡಿ ಮೊದಲು ಮಸ್ಜಿದ್ ಬಂದರಿನ ದಾಣಾ ಬಂದರ್‌ನಲ್ಲಿ ಇತ್ತು, ಧಾನ್ಯದ ಮಾರುಕಟ್ಟೆ ವಾಶಿಗೆ ಬಂದಾಗ ನಾವೂ ಬಂದೆವು. ಅಕ್ಕಿ ಚೀಲದ ಬಾಯಿ ಹೊಲಿದ ಸುತಳಿಯನ್ನು ಕತ್ತರಿಸಬಾರದು, ಬಿಡಿಸಬೇಕು. ಸುತಳಿಯೂ ಮತ್ತೆ ಬೇಕು, ಚೀಲವೂ ಮತ್ತೆ ಬೇಕು. ನುರಿತವನು ಗಂಟಿಗೆ ಮೊಳೆ ತೂರಿಸಿ ಒಮ್ಮೆ ಎಳೆದರೆ ಇಡೀ ಹೊಲಿಗೆ ಸರಸರ ಬಿಚ್ಚಿಕೊಳ್ಳುತ್ತದೆ. ನಾರು ಉಜ್ಜಿ ಉಜ್ಜಿ ಮೊಳೆ ಕನ್ನಡಿಯ ಹಾಗಾಗುತ್ತದೆ. ನಮ್ಮ ಹಳೇ ಹಮಾಲರ ದಬ್ಬಣಗಳು ಹಾಗೇ ಇದ್ದವು.

ನಿಮ್ಮ ಅಜ್ಜ ಹೋಟೆಲಿಗೆ ಮೊದಲು ಬೇರೆ ಏನಾದರೂ ಕೆಲಸ ಮಾಡಿದ್ದಾರಾ ಕೇಳಿ ನೋಡಿ.

ಡೊಂಬಿವಲಿ ಮೊಮ್ಮಗಳು

ಅಮ್ಮನಿಗೆ, ಮಾವನಿಗೆ ಏನೂ ಗೊತ್ತಿಲ್ಲ. ಅಜ್ಜನ ತಂಗಿ ಕುಂದಾಪುರದಲ್ಲಿದ್ದಾರೆ, 88 ವರ್ಷ. ಇವತ್ತು ಸಂಜೆ ಫೋನ್ ಮಾಡುತ್ತೇನೆ.

ಮುಲುಂಡ್ ಅತ್ತೆ

ಬೇಗ ಹೇಳು ಮಗಾ, ಕಾಯುತ್ತಾ ಇದ್ದೇನೆ.

ಡೊಂಬಿವಲಿ ಮೊಮ್ಮಗಳು

ಮಾತಾಡಿದೆ. ಅತ್ತಜ್ಜಿಗೆ ಕಿವಿ ಮಂದ, ಚಾಕು ಅಂದರೆ ಅವರಿಗೆ ಅರ್ಥವೇ ಆಗಲಿಲ್ಲ. ಕಪ್ಪು ಹಿಡಿ, ಬೆನ್ನಿಗೆ ಮೊಳೆ ಅಂದ ಕೂಡಲೇ "ಅಣ್ಣನ ದಬ್ಬಣ" ಅಂದರು.

ಅಜ್ಜ ಮೊದಲು ಸೇರಿದ್ದು ಹೋಟೆಲಿಗಲ್ಲವಂತೆ. ಬಂದರಿನ ಹತ್ತಿರ ಅಕ್ಕಿ ಗೋದಾಮಿನಲ್ಲಿ ಮೂರು ವರ್ಷ ಚೀಲ ಬಿಚ್ಚಿ, ಚೀಲ ಹೊಲಿದರಂತೆ. ಆಗ ಅವರಿಗೆ ಹದಿನಾರು. ರಾತ್ರಿ ಕನ್ನಡ ರಾತ್ರಿ ಶಾಲೆಗೆ ಹೋಗಿ ಲೆಕ್ಕ ಕಲಿತರು, ಆಮೇಲೆ ಗಲ್ಲಾದ ಕೆಲಸ ಸಿಕ್ಕಿತು. ದಬ್ಬಣವನ್ನು ಮೊದಲ ಸಂಬಳದಲ್ಲಿ ಫುಟ್‌ಪಾತಿನಲ್ಲಿ ಕೊಂಡರಂತೆ. ಮೊದಲ ಸಲ ಊರಿಗೆ ಬಂದಾಗ ಬಾವಿ ಹಗ್ಗದ ಗಂಟು ಅದರಲ್ಲೇ ಬಿಡಿಸಿಕೊಟ್ಟದ್ದು ಅತ್ತಜ್ಜಿಗೆ ಚೆನ್ನಾಗಿ ನೆನಪಿದೆ. ಸಾಹೇಬನ ಕತೆ ಕೇಳಿದ್ದಕ್ಕೆ, "ಯಾವ ಸಾಹೇಬ? ಅಣ್ಣನ ಅಂಗೈ ನೋಡಿದ್ದರೆ ಹೀಗೆ ಕೇಳುತ್ತಿರಲಿಲ್ಲ" ಅಂದರು.

ಅಮ್ಮ ಆಗಿನಿಂದ ಚಾಕು ಹಿಡಿದುಕೊಂಡೇ ಕೂತಿದ್ದಾಳೆ. ಗೋದಾಮಿನ ಮಾತು ಅಜ್ಜ ಮನೆಯಲ್ಲಿ ಒಂದು ದಿನವೂ ಆಡಿರಲಿಲ್ಲ.

ಘಾಟ್ಕೋಪರ್ ರಾವ್

ರಾತ್ರಿ ಶಾಲೆ ಅಂದಿರಲ್ಲ, ನಮ್ಮ ತಂದೆಯೂ ಅಲ್ಲೇ ಓದಿದವರು. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟಿನಲ್ಲಿ ಬೆಂಚಿನ ಮೇಲೆ ಕೂತು ಮೆಟ್ರಿಕ್. ಒಂದೇ ಬೆಂಚಿನಲ್ಲಿ ಕೂತಿದ್ದರೋ ಏನೋ.

ವಾಶಿ ವ್ಯಾಪಾರಿ

ಮೊದಲು ಆಡಿದ ಮಾತಿಗೆ ಇನ್ನೊಮ್ಮೆ ಕ್ಷಮೆ ಕೇಳುತ್ತೇನೆ ಅಕ್ಕಾ. ದಾಣಾ ಬಂದರ್ ಗೋದಾಮುಗಳ ಹಳೇ ಫೋಟೋ ನಮ್ಮ ಅಂಗಡಿಯಲ್ಲಿದೆ. ತೆಗೆದು ಕಳಿಸುತ್ತೇನೆ.

ಡೊಂಬಿವಲಿ ಮೊಮ್ಮಗಳು

ದಯವಿಟ್ಟು ಕಳಿಸಿ, ಅಮ್ಮನಿಗೆ ತೋರಿಸಬೇಕು. ಸಾಣೆಕಲ್ಲು ಅಣ್ಣ, ಕೊನೆಯದಾಗಿ ಒಂದು. ಅಲಗಿನ ತುಕ್ಕು ಇನ್ನೂ ಇದೆ. ಮೊಳೆಗೂ ಎಣ್ಣೆ ಹಚ್ಚಲಾ?

ಸಾಣೆಕಲ್ಲು

ಅಲಗಿಗೆ ಇನ್ನೆರಡು ಸಲ ಅದೇ ಎಣ್ಣೆ, ಅದೇ ಬಟ್ಟೆ. ಹೋದಷ್ಟು ಹೋಗಲಿ, ಉಳಿದದ್ದು ಇರಲಿ. ಮೊಳೆಗೆ ತೆಳ್ಳಗೆ ಒಂದು ಕೈ ಎಣ್ಣೆ ಸವರಿ ಸಾಕು. ಪಾಲಿಶ್ ಮಾಡಬೇಡಿ. ಆ ಹೊಳಪು ಅಜ್ಜನ ಕೈಯದ್ದು.

ಖಡಕಿ ನಿವೃತ್ತ

ಕಂಬಳಿ ನೋಡಿದೆಯಾ ತಂಗಿ?

ಡೊಂಬಿವಲಿ ಮೊಮ್ಮಗಳು

ನೋಡಿದೆ ಮಾವ. ಮೂಲೆಯಲ್ಲಿ ಕಾಗೆ ಕಾಲು ಇದೆ!